ಡ್ರಿಲ್ ಹಾಲಿನ ಹೊಗೆಗೂಡು

ಮೇ ತಿಂಗಳ ಚುನಾವಣೆಯಲ್ಲಿ ಡೆಸ್ಮಂಡ್ ಆಕ್ರಾಯ್ಡ್ ಸೋಲಲಿಲ್ಲ. ಗೆದ್ದ. ಅದೇ ಅವನ ಸಂಕಟ. ಸೋತಿದ್ದರೆ ಮನೆಯ ಹಿಂದಿನ ತೋಟದಲ್ಲಿ ಬೀನ್ಸ್ ಬೆಳೆದುಕೊಂಡು, ಜನ ಕೃತಘ್ನರು ಎಂದು ಸಿಕ್ಕಸಿಕ್ಕವರಿಗೆ ಹೇಳಿಕೊಂಡು ಇರಬಹುದಿತ್ತು. ಎರಡನೆಯವನಾಗಿ ಗೆದ್ದವನಿಗೆ ಆ ಸುಖವೂ ಇಲ್ಲ.

ಆಲ್ಡರ್‌ವಿಕ್ ಪಟ್ಟಣದ ಆಡಳಿತ ನೋಡುವ ಬರೋ ಕೌನ್ಸಿಲಿನ ಟ್ಯಾನರಿ ವಾರ್ಡಿನಿಂದ ಇಬ್ಬರು ಆಯ್ಕೆಯಾಗುತ್ತಾರೆ. ಮತದಾರ ಚೀಟಿಯ ಮೇಲೆ ಎರಡು ಗುರುತು ಹಾಕಬಹುದು; ಹೆಚ್ಚು ಮತ ಬಂದ ಇಬ್ಬರು ಗೆದ್ದಂತೆ. ಇಪ್ಪತ್ನಾಲ್ಕು ವರ್ಷ ಡೆಸ್‌ನದೇ ಮೊದಲ ಸ್ಥಾನ. ಎರಡನೆಯ ಸ್ಥಾನಕ್ಕೆ ಯಾರು ಯಾರೋ ಬಂದರು, ಹೋದರು. ಅವರನ್ನೆಲ್ಲ ಅವನು ತನ್ನ ಬಾಲಂಗೋಚಿಗಳೆಂದೇ ತಿಳಿದಿದ್ದ. ಈ ಸಲ ಅವನದೇ ಪಕ್ಷದಿಂದ ಮೊದಲ ಬಾರಿ ನಿಂತ ಲೋರ್ನಾ ಪಿಕರಿಂಗ್ ಅವನಿಗಿಂತ ಮುನ್ನೂರ ನಲವತ್ತು ಮತ ಹೆಚ್ಚು ಪಡೆದಳು. ಫಲಿತಾಂಶ ಓದುವುದು ಅಕ್ಷರಗಳ ಕ್ರಮದಲ್ಲಿ, ಹಾಗಾಗಿ ಆಕ್ರಾಯ್ಡ್ ಹೆಸರೇ ಮೊದಲು ಬಂತು. ಜನ ಮರ್ಯಾದೆಗೆ ಎರಡು ಚಪ್ಪಾಳೆ ತಟ್ಟಿದರು. ಆಮೇಲೆ ಪಿಕರಿಂಗ್ ಎಂದಾಗ ಎಣಿಕೆ ನಡೆದ ಆ ಕ್ರೀಡಾಂಗಣದ ತಗಡಿನ ಚಾವಣಿ ಅದುರಿತು. ಡೆಸ್ ಕೂಡ ಚಪ್ಪಾಳೆ ತಟ್ಟಿದ. ಕೈಗೆ ಕೈ ಸೋಕಿತೋ ಇಲ್ಲವೋ ಅನ್ನುವಷ್ಟು.

ಲೋರ್ನಾ ಶಾಲೆಯೊಂದರಲ್ಲಿ ಹದಿನೈದು ವರ್ಷ ಅಡುಗೆ ಮಾಡಿದವಳು. ಹಸಿರು ಸೈಕಲ್ಲಿನಲ್ಲಿ ವಾರ್ಡು ಸುತ್ತುತ್ತಿದ್ದಳು. ಡೆಸ್‌ಗೆ ಅವಳ ಸೈಕಲ್ಲು ಕಂಡರಾಗುತ್ತಿರಲಿಲ್ಲ, ಸೈಕಲ್ಲಿನ ಗಂಟೆ ಕೇಳಿದರೂ ಆಗುತ್ತಿರಲಿಲ್ಲ. ಎಲ್ಲಕ್ಕಿಂತ ಆಗದಿದ್ದದ್ದು ರಸ್ತೆಗುಂಡಿಯ ವಿಷಯ. ಕಸ, ಪಾರ್ಕು, ಸ್ಮಶಾನ, ಕಟ್ಟಡದ ಪರವಾನಗಿ ಇವು ಬರೋ ಕೌನ್ಸಿಲಿನ ಕೆಲಸ. ರಸ್ತೆ, ಶಾಲೆ, ಗ್ರಂಥಾಲಯ ಜಿಲ್ಲಾ ಮಟ್ಟದ ಕೌಂಟಿಯವು. ಯಾರಾದರೂ ಗುಂಡಿಯ ದೂರು ತಂದರೆ ಡೆಸ್ ಇಪ್ಪತ್ನಾಲ್ಕು ವರ್ಷ ಒಂದೇ ಉತ್ತರ ಕೊಟ್ಟಿದ್ದ: "ಗುಂಡಿ ಕೌಂಟಿಯದ್ದು, ನಮ್ದಲ್ಲ." ಉತ್ತರದಲ್ಲಿ ತಪ್ಪೇನಿರಲಿಲ್ಲ. ಲೋರ್ನಾ ಆ ಮಾತು ಹೇಳುತ್ತಿರಲಿಲ್ಲ. ಗುಂಡಿಯ ಫೋಟೋ ತೆಗೆದು ತಾನೇ ಕೌಂಟಿಗೆ ಫೋನು ಮಾಡುತ್ತಿದ್ದಳು. ಗುಂಡಿ ಮುಚ್ಚುತ್ತಿತ್ತೋ ಇಲ್ಲವೋ, ಹೇಳಿಕೊಂಡವರ ಹೊಟ್ಟೆ ತಣ್ಣಗಾಗುತ್ತಿತ್ತು. ಡೆಸ್‌ನ ಹೊಟ್ಟೆ ಉರಿಯುತ್ತಿತ್ತು.

ಇದನ್ನೆಲ್ಲ ಅವನು ಹೇಗೋ ನುಂಗಿಕೊಳ್ಳುತ್ತಿದ್ದ. ನುಂಗಲಾಗದ್ದು ಡ್ರಿಲ್ ಹಾಲು ಎಂಬ ಹಳೆಯ ಕಟ್ಟಡದ ವಿಷಯ.

ಟ್ಯಾನರಿ ವಾರ್ಡಿನ ಮುದುಕರಿಗೆ ಹಿಂದೆ ವಾರಕ್ಕೊಮ್ಮೆ ಒಟ್ಟಿಗೆ ಕೂತು ಬಿಸಿ ಊಟ ಮಾಡುವ ಒಂದು ಜಾಗವಿತ್ತು, ಚರ್ಚಿನ ಹಿಂಬದಿಯ ಕೋಣೆ. ಅದರ ಚಾವಣಿ ಕುಸಿದು ಒಂಬತ್ತು ವರ್ಷವಾಗಿತ್ತು. ಅಂದಿನಿಂದ ಡೆಸ್ ಪ್ರತಿ ಚುನಾವಣೆಯಲ್ಲೂ ಊಟದ ಮನೆಯ ಮಾತು ಕೊಡುತ್ತಿದ್ದ, ಕೊಟ್ಟಾಗ ಮನಸಾರೆ ಕೊಡುತ್ತಿದ್ದ. ಹೆಂಡತಿ ತೀರಿಹೋದ ಮೇಲೆ ಅವನೂ ಡಬ್ಬಿಯ ಸೂಪು ಬಿಸಿಮಾಡಿ ಟೀವಿಯೆದುರು ಕೂತು ಕುಡಿಯುವವನೇ. ಹಿಂದೆ ಸೈನಿಕರು ಕವಾಯತು ಮಾಡುತ್ತಿದ್ದ ಡ್ರಿಲ್ ಹಾಲು ಖಾಲಿ ಬಿದ್ದಿತ್ತು. ಮಾಲೀಕರು ಒಂದು ಬಿಯರ್ ಕಂಪನಿಯವರು. ಡೆಸ್ ಪ್ರತಿ ವರ್ಷ ಕೌನ್ಸಿಲಿನ ಮುದ್ರೆಯಿರುವ ಕಾಗದದಲ್ಲಿ ಅವರಿಗೆ ಬರೆಯುತ್ತಿದ್ದ. ಅವರು ಪ್ರತಿ ವರ್ಷ ವಿನಯದಿಂದ ಆಗದು ಎನ್ನುತ್ತಿದ್ದರು. ಲೋರ್ನಾ ಬರೆಯಲಿಲ್ಲ. ಒಂದು ಭಾನುವಾರ ಸೈಕಲ್ಲು ಹತ್ತಿ ಕಂಪನಿಯ ಮುದಿ ಮಾಲೀಕನ ಮನೆಗೇ ಹೋದಳು, ಜೊತೆಗೆ ತಾನೇ ಮಾಡಿದ ಸೇಬಿನ ಕಡುಬು ಒಯ್ದಳು. ಜೂನ್ ಮುಗಿಯುವುದರೊಳಗೆ, ಪರವಾನಗಿ ಬಂದರೆ ಹಾಲನ್ನು ಹತ್ತು ವರ್ಷಕ್ಕೆ ಗೇಣಿಗೆ ಕೊಡಲು ಅವನು ಒಪ್ಪಿದ.

ಉಳಿದದ್ದು ಪರವಾನಗಿ. ಕವಾಯತಿನ ಜಾಗವನ್ನು ಊಟದ ಜಾಗ ಮಾಡಲು ಕೌನ್ಸಿಲಿನ ಒಪ್ಪಿಗೆ ಬೇಕು. ಅರ್ಜಿ ನೋಡಿದ ಅಧಿಕಾರಿ ತಿರಸ್ಕರಿಸಿ ಎಂದು ಸಲಹೆ ಬರೆದ. ಕಾರಣ, ಅಡುಗೆಮನೆಯ ಹೊಗೆ ಹೋಗಲು ಕಟ್ಟಡದ ಹಿಂಬದಿಗೆ ಉದ್ದನೆಯ ಉಕ್ಕಿನ ಪೈಪು ಬೇಕು. ಅದು ಹಳೆಯ ಬೀದಿಯ ಅಂದ ಕೆಡಿಸುತ್ತದೆ, ಪಕ್ಕದ ಕಿಟಕಿಗಳಿಗೆ ವಾಸನೆ ಹೊಡೆಯುತ್ತದೆ. ಅಧಿಕಾರಿಯೇ ಮುಗಿಸಿಬಿಡದಂತೆ ವಾರ್ಡಿನ ಸದಸ್ಯರು ಅರ್ಜಿಯನ್ನು ಸಮಿತಿಯ ಮುಂದೆ ಎಳೆತರಬಹುದು. ಲೋರ್ನಾ ಎಳೆತಂದಳು. ಯೋಜನಾ ಸಮಿತಿಯಲ್ಲಿ ಹನ್ನೊಂದು ಜನ. ಅವಳು ಅದರಲ್ಲಿ ಇರಲಿಲ್ಲ. ಡೆಸ್ ಇದ್ದ.

ಯಾರ ಕೈ ಮೇಲೇಳುತ್ತದೆ, ಯಾರದು ಏಳುವುದಿಲ್ಲ ಎಂದು ಮೊದಲೇ ಲೆಕ್ಕ ಹಾಕುವುದರಲ್ಲಿ ಅವನು ಪಳಗಿದವ. ಐದು ಪರ, ಐದು ವಿರುದ್ಧ. ಹನ್ನೊಂದನೆಯವನು ತಾನು. ಅದು ಹೊಳೆದ ದಿನ ಅವನಿಗೆ ಮೇ ತಿಂಗಳಿನಿಂದ ಮೊದಲ ಸಲ ಹಸಿವಾಯಿತು.

ಇನ್ನೊಂದು ವಿಷಯವೂ ಅವನಿಗೆ ಗೊತ್ತಿತ್ತು, ಬೇರೆ ಯಾರಿಗೂ ಗೊತ್ತಿರಲಿಲ್ಲ. ಡ್ರಿಲ್ ಹಾಲಿನ ಉತ್ತರದ ಗೋಡೆಯೊಳಗೆ ಒಂದು ಹಳೆಯ ಹೊಗೆಗೂಡು ಇದೆ. ಸೈನಿಕರ ಅಡುಗೆಗೆ ಕಟ್ಟಿಸಿದ್ದು, ಆಳು ಇಳಿಯುವಷ್ಟು ಅಗಲ. ಅವನು ಹೊಸದಾಗಿ ಕೌನ್ಸಿಲಿಗೆ ಬಂದಾಗ ಅದರ ಬಾಯಿಗೆ ಇಟ್ಟಿಗೆ ಇಟ್ಟು ಗಾರೆ ಮೆತ್ತಿದರು. ಆ ಕೆಲಸ ಪರಿಶೀಲಿಸಲು ಹೋದವರಲ್ಲಿ ಅವನೂ ಒಬ್ಬ. ಉಳಿದವರು ಸತ್ತಿದ್ದರು, ಇಲ್ಲವೇ ಮಗಳ ಊರು ಸೇರಿದ್ದರು. ಪೈಪನ್ನು ಆ ಗೂಡಿನೊಳಗೇ ಏರಿಸಿದರೆ ಹೊರಗೆ ಏನೂ ಕಾಣುವುದಿಲ್ಲ, ಹೊಗೆ ಮಾಡಿನ ಮೇಲೆ ಹೋಗುತ್ತದೆ. ಅಧಿಕಾರಿಯ ಆಕ್ಷೇಪಣೆ ಅಲ್ಲಿಗೆ ಮುಗಿಯಿತು. ಈ ಸಂಗತಿಯನ್ನು ಅವನು ತನ್ನ ಯೋಜನೆಗಾಗಿ ಒಂಬತ್ತು ವರ್ಷ ಎತ್ತಿಟ್ಟುಕೊಂಡಿದ್ದ. ಈಗಲೂ ಹೊರಗೆ ಬಿಡಲಿಲ್ಲ. ಈ ಅರ್ಜಿ ಬೀಳಲಿ, ಚಳಿಗಾಲಕ್ಕೆ ಮುಂಚೆ ತಾನೇ ಹೊಸ ಅರ್ಜಿ ತರುತ್ತೇನೆ, ಹೊಗೆಗೂಡು ಹುಡುಕಿಕೊಟ್ಟವನು ನಾನು ಎಂದಾಗುತ್ತದೆ ಎಂಬುದು ಅವನ ಎಣಿಕೆ. ಮುದುಕರ ಊಟ ನಾಲ್ಕು ತಿಂಗಳು ತಡವಾದೀತು, ಅಷ್ಟೇ.

ಶನಿವಾರ ಸಂತೆ. ಚೌಕದ ಚಹಾ ಗಾಡಿಯ ಮುಂದೆ ಅವನು ಬೇಕನ್ ತುಂಬಿದ ಬನ್ನು ಹಿಡಿದು ನಿಂತಿದ್ದಾಗ ಐಡಾ ಥ್ವೇಟ್ ಗಾಲಿಚೀಲ ಎಳೆದುಕೊಂಡು ಬಂದಳು. ಐಡಾಗೆ ಎಂಬತ್ತೆಂಟು, ಅವನ ಬೀದಿಯವಳೇ, ಬಾಯಿ ಮಾತ್ರ ಇಪ್ಪತ್ತರದ್ದು.

"ಏನಪ್ಪಾ ಡೆಸ್, ಮುಖ ಯಾಕೆ ಒಡೆದ ಹಾಲು ಕುಡಿದಂಗೆ ಮಾಡ್ಕೊಂಡಿದೀಯ?"

"ಏನಿಲ್ಲ ಐಡಾ. ಗಾಳಿ ಜಾಸ್ತಿ."

"ಗಾಳಿಯಂತೆ! ನಮ್ಮ ಲೋರ್ನಾ ಊಟದ ಮನೆ ತರ್ತಾಳಂತಲ್ಲ, ಕೇಳಿದ್ಯಾ? ಪ್ರತಿ ಬುಧವಾರ ಬಿಸಿ ಬಿಸಿ. ಹುರಿದ ಮಾಂಸ, ಆಲೂಗಡ್ಡೆ, ಆಮೇಲೆ ಕಸ್ಟರ್ಡು."

ನಮ್ಮ ಲೋರ್ನಾ. ಇಪ್ಪತ್ನಾಲ್ಕು ವರ್ಷದಲ್ಲಿ ಐಡಾ ಒಂದು ದಿನವೂ 'ನಮ್ಮ ಡೆಸ್' ಅಂದಿರಲಿಲ್ಲ.

"ಅದು ನನ್ನ ಯೋಚನೆ, ಐಡಾ. ಮೊದಲು ಹೇಳಿದ್ದೇ ನಾನು."

"ಹೇಳಿದ್ದೆ ಕಣಪ್ಪಾ, ಯಾರು ಇಲ್ಲಾಂದ್ರು? ನೀನು ಹೇಳ್ತಾ ಹೇಳ್ತಾ ನನ್ನ ಹಲ್ಲೆಲ್ಲ ಉದುರಿಹೋದ್ವು. ಈಗ ಅವಳು ಮಾಂಸ ಬಡಿಸಿದ್ರೂ ನಾನು ಗ್ರೇವಿ ನೆಕ್ಕಬೇಕು ಅಷ್ಟೆ."

ಗಾಡಿಯ ಸುತ್ತ ನಿಂತವರೆಲ್ಲ ನಕ್ಕರು. ಚಹಾದವಳು ಸೌಟು ಕೆಳಗಿಟ್ಟು ನಕ್ಕಳು. ಡೆಸ್‌ಗೆ ಕಿವಿಯ ತುದಿ ಬಿಸಿಯಾಯಿತು.

"ನಗ್ರಿ, ನಗ್ರಿ. ಆ ಊಟದ ಮನೆ ಬರಲ್ಲ. ಗುರುವಾರ ಸಮಿತಿ ಮುಂದೆ ಬರ್ಲಿ, ನನ್ನ ಕೈಯಾರೆ ಮುಳುಗಿಸ್ತೀನಿ. ಯಾರು ಏನಾದ್ರೂ ಹೇಳ್ಲಿ, ಎಷ್ಟಾದ್ರೂ ಹೇಳ್ಲಿ, ನನ್ನ ವೋಟು ವಿರುದ್ಧವೇ!"

ನಗು ನಿಂತಿತು. ಐಡಾ ಅವನನ್ನು ಮೇಲಿನಿಂದ ಕೆಳಗೆ ನೋಡಿದಳು.

"ನೀನು ಮುಳುಗಿಸೋದು ಅವಳನ್ನಲ್ಲ ಕಣೋ," ಎಂದಳು. "ಬುಧವಾರ ಹಸ್ಕೊಂಡು ಕೂರೋಳು ನಾನು." ಗಾಲಿಚೀಲ ಎಳೆದುಕೊಂಡು ಹೋದಳು.

ಡೆಸ್‌ನ ಹಿಂದೆ ಒಬ್ಬ ಮನುಷ್ಯ ಸಾಸೇಜ್ ತಿನ್ನುತ್ತಿದ್ದ. ಅವನು ಟ್ರೆವರ್ ಗಿಬ್ಬನ್ಸ್, 'ಆಲ್ಡರ್‌ವಿಕ್ ಮೆಸೆಂಜರ್' ಪತ್ರಿಕೆಯ ವರದಿಗಾರ. ಸಂಜೆಯೊಳಗೆ ಡೆಸ್‌ನ ಮಾತು, ಒಂದಕ್ಷರ ಹೆಚ್ಚಿಲ್ಲದೆ ಕಡಿಮೆಯಿಲ್ಲದೆ, ಪತ್ರಿಕೆಯ ಜಾಲತಾಣದಲ್ಲಿತ್ತು.

ಸೋಮವಾರ ಬೆಳಿಗ್ಗೆ ಟೌನ್ ಹಾಲಿನ ಮೊದಲ ಮಹಡಿಗೆ ಕರೆ ಬಂತು. ಕಾನೂನು ಅಧಿಕಾರಿ ಇಮೆಲ್ಡಾ ಹಾಬ್ಸ್ ಕನ್ನಡಕ ಮೇಜಿನ ಮೇಲಿಟ್ಟು ಕೂತಿದ್ದಳು. ಅವಳು ಕನ್ನಡಕ ತೆಗೆದಿದ್ದಾಳೆಂದರೆ ಒಳ್ಳೆಯ ಸುದ್ದಿಯಲ್ಲ ಎಂದು ಕೌನ್ಸಿಲಿನಲ್ಲಿ ಎಲ್ಲರಿಗೂ ಗೊತ್ತು.

"ಇದು ನೀವು ಹೇಳಿದ್ದೇನಾ, ಕೌನ್ಸಿಲರ್?"

"ತಮಾಷೆಗೆ ಅಂದೆ."

"ಚಹಾ ಗಾಡಿ ಮುಂದೆ ಅದು ತಮಾಷೆ. ಪತ್ರಿಕೇಲಿ ಬಂದ್ಮೇಲೆ ತಮಾಷೆ ಅಲ್ಲ. ಪರವಾನಗಿ ಕೊಡೋ ಸಮಿತಿ ಅಂದ್ರೆ ಒಂಥರಾ ನ್ಯಾಯಾಲಯ. ವಾದ ಕೇಳೋಕ್ಕೆ ಮುಂಚೆ ತೀರ್ಪು ಹೇಳಿದೋರು ಅಲ್ಲಿ ಕೂರೋ ಹಾಗಿಲ್ಲ. ಇದನ್ನ ನಾನು ನಿಮಗೆ ಹೇಳ್ಬೇಕಾ?"

ಹೇಳಬೇಕಾಗಿರಲಿಲ್ಲ. ಹೊಸದಾಗಿ ಗೆದ್ದವರಿಗೆ ಮೊದಲ ವಾರ ಈ ಪಾಠ ಹೇಳುವವನೇ ಅವನು. ಮೇ ತಿಂಗಳಲ್ಲಿ ಲೋರ್ನಾಳಿಗೂ ಹೇಳಿದ್ದ: ಮನಸ್ಸಿನಲ್ಲಿ ಏನಾದರೂ ಇರಲಿ, ಬಾಯಲ್ಲಿ ಮಾತ್ರ 'ಎಲ್ಲ ಕೇಳಿದ ಮೇಲೆ ತೀರ್ಮಾನಿಸುತ್ತೇನೆ' ಅನ್ನು, ಬೇರೆ ಮಾತು ಆಡಬೇಡ. ಆಗ ಅವಳು ಅದನ್ನು ಶಾಲೆಯ ಮಗುವಿನಂತೆ ಬರೆದುಕೊಂಡಿದ್ದಳು.

"ಹಾಗಾದ್ರೆ ನನ್ನ ವೋಟು?"

"ಇಲ್ಲ. ವಾರ್ಡಿನ ಸದಸ್ಯರಾಗಿ ಬಂದು ಮಾತಾಡ್ಬೋದು, ಮಾತು ಮುಗಿದ ತಕ್ಷಣ ಎದ್ದು ಹೊರಗೆ ಹೋಗ್ಬೇಕು. ಆದ್ರೆ ವಾರ್ಡಿಗೆ ಒಟ್ಟು ಮೂರೇ ನಿಮಿಷ. ಲೋರ್ನಾ ಆಗ್ಲೇ ಹೆಸರು ಕೊಟ್ಟಾಗಿದೆ. ಬೇಕಿದ್ರೆ ಅವರನ್ನ ಕೇಳಿ, ಹಂಚ್ಕೊಳ್ಳಿ."

ಮೆಟ್ಟಿಲು ಇಳಿಯುವಾಗ ಅವನಿಗೆ ಮೊದಲು ಅನ್ನಿಸಿದ್ದು ದುಃಖವಲ್ಲ. ಐದು ಪರ, ಐದು ವಿರುದ್ಧ. ಸಮಬಲವಾದರೆ ಅಧ್ಯಕ್ಷನ ನಿರ್ಣಾಯಕ ಮತ. ಅಧ್ಯಕ್ಷ ಗಾಡ್‌ಫ್ರಿ ಟಾಲಂಟ್ ವಿರುದ್ಧವಿರುವ ಐವರಲ್ಲೊಬ್ಬ, ಜೀವಮಾನದಲ್ಲಿ ಅಧಿಕಾರಿಯ ಸಲಹೆ ಮೀರಿದವನಲ್ಲ. ಅಂದರೆ ತಾನು ಕೈಯೂ ಎತ್ತಬೇಕಾಗಿಲ್ಲ. ಅರ್ಜಿ ತಾನಾಗಿ ಬೀಳುತ್ತದೆ. ಅವನ ತುಟಿಯ ತುದಿ ಸ್ವಲ್ಪ ಮೇಲೆದ್ದಿತು.

ಅಷ್ಟರಲ್ಲಿ ಆ ಗಾಡ್‌ಫ್ರಿಯೇ ಕೊಡೆ ಕೊಡವಿಕೊಳ್ಳುತ್ತ ಎದುರು ಬಂದ. ಇಬ್ಬರೂ ಒಂದೇ ವರ್ಷ ಕೌನ್ಸಿಲಿಗೆ ಬಂದವರು.

"ಬಾಯಿಗೊಂದು ಬೀಗ ಹಾಕ್ಕೊಳ್ಳೋಕೆ ಆಗಲ್ವೇನೋ ನಿಂಗೆ?"

"ಆಯ್ತು ಬಿಡು. ಈ ಸಲ ಹೋದ್ರೆ ಹೋಯ್ತು. ಚಳಿಗಾಲಕ್ಕೆ ನಾನೇ ಒಂದು ಹೊಸ ಅರ್ಜಿ ತರ್ತೀನಿ."

"ಯಾವ ಹಾಲಿಗೆ ತರ್ತೀಯ?"

"ಡ್ರಿಲ್ ಹಾಲಿಗೇ."

ಗಾಡ್‌ಫ್ರಿ ಕೊಡೆ ಮಡಚುವುದನ್ನು ನಿಲ್ಲಿಸಿದ. "ನಿಂಗೆ ಗೊತ್ತಿಲ್ವಾ? ಗುರುವಾರ ಆಗ್ಲಿಲ್ಲಾಂದ್ರೆ ಆ ಬಿಯರ್ ಕಂಪನಿ ಮುದುಕ ಅದನ್ನ ಫ್ಲಾಟು ಕಟ್ಟೋನಿಗೆ ಮಾರ್ತಾನಂತೆ. ಮಾತುಕತೆ ಎಲ್ಲ ಆಗಿದೆ. ಮಕ್ಕಳು ಬಿಡ್ತಾ ಇಲ್ವಂತೆ. ಲೋರ್ನಾ ಮುಖ ನೋಡಿ ಇಷ್ಟು ದಿನ ತಡೆದಿದಾನೆ."

ಲೋರ್ನಾ ಮುಖ ನೋಡಿ. ತನ್ನ ಮುಖವನ್ನು ಆ ಮುದುಕ ಒಂಬತ್ತು ವರ್ಷದಲ್ಲಿ ಒಮ್ಮೆಯೂ ನೋಡಿರಲಿಲ್ಲ. ಡೆಸ್ ಹೊರಗೆ ಬಂದ. ಮಳೆ ಹನಿಯುತ್ತಿತ್ತು. ಊಟದ ಮನೆ ಅವಳಿಗೆ ಸಿಗದಿದ್ದರೆ ತನಗೂ ಸಿಗುವುದಿಲ್ಲ. ಯಾರಿಗೂ ಸಿಗುವುದಿಲ್ಲ. ಒಂದೋ ಅವಳದು, ಇಲ್ಲವೋ ಫ್ಲಾಟು.

ಮಾಡಬೇಕಾದದ್ದು ಸುಲಭವಿತ್ತು. ಲೋರ್ನಾಳಿಗೆ ಫೋನು ಮಾಡಿ 'ಉತ್ತರದ ಗೋಡೆಯಲ್ಲಿ ಹೊಗೆಗೂಡಿದೆ, ಸಮಿತಿಗೆ ಹೇಳು' ಅಂದರೆ ಸಾಕು. ಅವನು ಫೋನು ಕೈಗೆತ್ತಿಕೊಂಡ. ಅವಳು ಮಾತಾಡುವ ಮೇಜಿನ ಮುಂದೆ ಕೂತು ಹೊಗೆಗೂಡಿನ ಸುದ್ದಿ ಹೇಳುವುದು, ಹಿಂದೆ ಕೂತ ಜನ ಓ ಅನ್ನುವುದು, ಗಿಬ್ಬನ್ಸ್ ಅದನ್ನು ಬರೆದುಕೊಳ್ಳುವುದು, ಎಲ್ಲ ಕಣ್ಣಿಗೆ ಕಟ್ಟಿತು. ಮರುದಿನದ ಶೀರ್ಷಿಕೆ ಸಹ ಕಂಡಿತು. ಫೋನು ಕೆಳಗಿಟ್ಟ. ಮಂಗಳವಾರವೂ ಎತ್ತಿಕೊಂಡು ಕೆಳಗಿಟ್ಟ. ಬುಧವಾರ ಮಧ್ಯಾಹ್ನ ಸೂಪಿನ ಡಬ್ಬಿ ತೆರೆಯುವಾಗ ಕಿಟಕಿಯಿಂದ ಐಡಾಳ ಮನೆ ಕಂಡಿತು. ಅವಳು ಕಿಟಕಿಯ ಬಳಿ ಒಬ್ಬಳೇ ಕೂತು ತಟ್ಟೆಯಲ್ಲಿದ್ದುದನ್ನು ಚಮಚದಿಂದ ಅತ್ತ ಇತ್ತ ಸರಿಸುತ್ತಿದ್ದಳು, ತಿನ್ನುತ್ತಿರಲಿಲ್ಲ. ಡೆಸ್ ಪರದೆ ಎಳೆದ. ಫೋನು ಮಾತ್ರ ಅಂದೂ ಮಾಡಲಿಲ್ಲ.

ಗುರುವಾರ ಸಂಜೆ ಸಮಿತಿಯ ಕೋಣೆಯ ಹೊರಗಿನ ಓಣಿಯಲ್ಲಿ ಲೋರ್ನಾ ಬೆಂಚಿನ ಮೇಲೆ ಕೂತಿದ್ದಳು. ಕೈಯಲ್ಲಿ ಒಂದು ಹಾಳೆ. ಗೋಡೆಯ ತುಂಬ ಮಾಜಿ ಮೇಯರುಗಳ ಫೋಟೋ. ಡೆಸ್ ಒಂದು ವರ್ಷ ಮೇಯರ್ ಆಗಿದ್ದಾಗಿನ ಫೋಟೋ ಶೌಚಾಲಯದ ಬಾಗಿಲ ಪಕ್ಕ ನೇತಾಡುತ್ತಿತ್ತು, ಕತ್ತಿನಲ್ಲಿ ಮೇಯರ್ ಪದವಿಯ ಚಿನ್ನದ ಸರ. ಅವಳು ಸರಿಯಾಗಿ ಅದರ ಕೆಳಗೇ ಕೂತಿದ್ದಳು.

"ಈ ಫೋಟೋದಲ್ಲಿ ನೀವು ಎಷ್ಟು ಚೆನ್ನಾಗಿದೀರಿ," ಎಂದಳು.

"ಸರ ಚೆನ್ನಾಗಿದೆ," ಎಂದ ಡೆಸ್.

ಅವಳು ನಕ್ಕಳು. ಅವನು ನಗಲಿಲ್ಲ. ಅವಳ ನಗುವಿನಲ್ಲಿ ಎಲ್ಲಾದರೂ ಒಂದು ಮುಳ್ಳಿದ್ದೀತೇ ಎಂದು ಹುಡುಕಿದ. ಇರಲಿಲ್ಲ. ಇದ್ದಿದ್ದರೆ ಅವನಿಗೆ ಅನುಕೂಲವಾಗುತ್ತಿತ್ತು.

"ಮೂರು ನಿಮಿಷದ ವಿಷಯ," ಎಂದು ಶುರುಮಾಡಿದ. "ಅದರಲ್ಲಿ ನಂಗೆ ಸ್ವಲ್ಪ ಬೇಕು."

"ವಿರುದ್ಧ ಮಾತಾಡ್ತೀರಾ?"

"ಇಲ್ಲ."

"ಪತ್ರಿಕೇಲಿ ಬಂದಿದ್ದು?"

"ಅದು ಬೇರೆ." ಅವನು ಸಮಿತಿಯ ಬಾಗಿಲತ್ತ ನೋಡಿದ. "ಪೈಪಿನ ಬಗ್ಗೆ ಒಂದು ಮಾತು ಹೇಳೋದಿದೆ."

ಅವಳು ಅವನ ಮುಖವನ್ನೇ ನೋಡಿದಳು. ಕೈಯಲ್ಲಿದ್ದ ಹಾಳೆಯನ್ನು ಎರಡಾಗಿ ಮಡಚಿ, ಮತ್ತೆ ಮಡಚಿ, ಕೋಟಿನ ಜೇಬಿಗೆ ಹಾಕಿದಳು.

"ಹಾಗಿದ್ರೆ ಮೂರೂ ನೀವೇ ತಗೊಳ್ಳಿ. ನಾನು ಹೋದ್ರೆ ಊಟದ ಬಗ್ಗೆ ಮಾತಾಡ್ತೀನಿ, ಅಲ್ಲಿರೋರಿಗೆ ಊಟ ಬೇಡ ಅಂತ ಏನಿಲ್ಲ. ಅವರಿಗೆ ಪೈಪೇ ತೊಂದ್ರೆ."

"ಏನು ಹೇಳ್ತೀನಿ ಅಂತ ಕೇಳಲ್ವಾ?"

"ವಿರುದ್ಧ ಮಾತಾಡಲ್ಲ ಅಂದ್ರಲ್ಲ. ಸಾಕು."

ಇಷ್ಟೇ. ವಾದವಿಲ್ಲ, ಚೌಕಾಸಿಯಿಲ್ಲ. ಡೆಸ್‌ಗೆ ಮೈಯೆಲ್ಲ ಉರಿಯಿತು. ಅವಳು ಸ್ವಲ್ಪ ಹಿಂದೆಮುಂದೆ ನೋಡಿದ್ದರೆ, ಒಂದೂವರೆ ನಿಮಿಷ ಎಂದು ಬಿಗಿ ಹಿಡಿದಿದ್ದರೆ, ಕೊಡುವವನು ತಾನಾಗುತ್ತಿದ್ದ. ಈಗ ಇದರಲ್ಲೂ ಅವಳೇ ಮುಂದೆ. ಮುನ್ನೂರ ನಲವತ್ತು ಮತ ಮುಂದೆ, ಮೂರು ನಿಮಿಷ ಮುಂದೆ.

ಒಳಗೆ ಅರ್ಧವೃತ್ತಾಕಾರದ ಮೇಜಿನ ಸುತ್ತ ಹತ್ತು ಜನ. ಅವನ ಕುರ್ಚಿ ಖಾಲಿಯಿತ್ತು. ಅವನು ಇಷ್ಟು ವರ್ಷ ಯಾರು ಯಾರನ್ನೋ ಕೂರಿಸಿ ಪ್ರಶ್ನೆ ಕೇಳಿದ್ದ ಸಣ್ಣ ಮೇಜಿನ ಮುಂದೆ ಈಗ ತಾನು ಕೂತ. ಮೇಜಿನ ಮೇಲೆ ದೀಪದ ಪೆಟ್ಟಿಗೆ: ಹಸಿರು ಹತ್ತಿದರೆ ಶುರು, ಹಳದಿ ಹತ್ತಿದರೆ ಒಂದು ನಿಮಿಷ ಉಳಿದಿದೆ, ಕೆಂಪು ಹತ್ತಿದರೆ ಮಾತು ನಿಲ್ಲಿಸಬೇಕು. ಹಿಂದೆ ಸಾರ್ವಜನಿಕರ ಸಾಲಿನಲ್ಲಿ ಲೋರ್ನಾ, ಅವಳ ಪಕ್ಕ ಗಾಲಿಚೀಲದೊಂದಿಗೆ ಐಡಾ, ಮೂಲೆಯಲ್ಲಿ ಗಿಬ್ಬನ್ಸ್.

ಹಸಿರು ಹತ್ತಿತು.

"ಅಧ್ಯಕ್ಷರೇ, ಮೊದಲಿಗೆ ಒಂದು ಮಾತು ದಾಖಲಾಗಬೇಕು," ಎಂದ ಡೆಸ್. "ಈ ಊಟದ ಮನೆಯ ಯೋಚನೆ ಮೊದಲು ಮಾಡಿದ್ದು ನಾನು. ಒಂಬತ್ತು ವರ್ಷದ ಹಿಂದೆ. ಅವತ್ತು ಈ ವಾರ್ಡಿನಲ್ಲಿ ಬೇರೆ ಯಾರೂ..."

"ಕೌನ್ಸಿಲರ್," ಎಂದ ಗಾಡ್‌ಫ್ರಿ, "ಯೋಚನೆ ಯಾರದ್ದು ಅನ್ನೋದು ಕಟ್ಟಡದ ವಿಷಯ ಅಲ್ಲ."

"ಅಲ್ಲ. ಆದ್ರೂ ಗೊತ್ತಿರ್ಲಿ. ನಾನು ಪ್ರತಿ ವರ್ಷ ಪತ್ರ ಬರೆದೆ. ಯಾವ ಕಡುಬೂ ಒಯ್ಯಲಿಲ್ಲ, ನಿಯಮದ ಪ್ರಕಾರ ಬರೆದೆ..."

"ಲೋ ಡೆಸ್, ಹೊತ್ತು ಹೋಗ್ತಿದೆ!" ಹಿಂದಿನಿಂದ ಐಡಾಳ ಧ್ವನಿ. ಗಾಡ್‌ಫ್ರಿ ಅವಳತ್ತ ಕಣ್ಣು ಬಿಟ್ಟ.

ಹಳದಿ ಹತ್ತಿತು. ಡೆಸ್ ಅದನ್ನು ನೋಡಿದ. ಹೇಳಬೇಕಾದ ಒಂದೇ ಒಂದು ಮಾತು ಇನ್ನೂ ಬಾಯಲ್ಲೇ ಇತ್ತು, ಒಂಬತ್ತು ವರ್ಷ ಇದ್ದ ಹಾಗೆ. ಸುಮ್ಮನೆ ಇನ್ನಷ್ಟು ಹೊತ್ತು ತನ್ನ ಬಗ್ಗೆಯೇ ಮಾತಾಡುತ್ತ ಹೋದರೆ ಕೆಂಪು ಹತ್ತುತ್ತದೆ, ಎಲ್ಲ ಮುಗಿಯುತ್ತದೆ, ಯಾರೂ ಅವನನ್ನು ದೂರಲಾರರು. ಆ ಯೋಚನೆ ಬಂತು. ಬಂದದ್ದಷ್ಟೇ ಅಲ್ಲ, ಸ್ವಲ್ಪ ಹೊತ್ತು ಕೂತಿತು.

"ಉತ್ತರದ ಗೋಡೆಯೊಳಗೆ ಒಂದು ಹೊಗೆಗೂಡಿದೆ," ಎಂದ.

ಯೋಜನಾ ಅಧಿಕಾರಿ ತಲೆಯೆತ್ತಿದ.

"ಸೈನಿಕರ ಅಡುಗೆದು. ಬಾಯಿಗೆ ಇಟ್ಟಿಗೆ ಇಟ್ಟು ಮುಚ್ಚಿದಾರೆ, ಒಳಗೆ ಹಾಗೇ ಇದೆ. ಮುಚ್ಚೋ ಮುಂಚೆ ನಾನು ತಲೆ ಹಾಕಿ ನೋಡಿದೀನಿ, ಮೇಲೆ ಆಕಾಶ ಕಾಣ್ತಿತ್ತು. ಪೈಪು ಅದರೊಳಗೇ ಏರಿಸ್ಬೋದು. ಹೊರಗೆ ಒಂದಿಂಚೂ ಕಾಣಲ್ಲ. ಹೊಗೆ ಮಾಡಿನ ಮೇಲೆ ಹೋಗುತ್ತೆ, ಪಕ್ಕದ ಕಿಟಕಿಗಳು ಅದಕ್ಕಿಂತ ಎಷ್ಟೋ ಕೆಳಗಿವೆ. ಗೂಡು ಬಳಸಬೇಕು ಅಂತ ಷರತ್ತು ಹಾಕಿ ಒಪ್ಪಿಗೆ ಕೊಡಿ. ಇಷ್ಟೇ ನಾನು ಹೇಳೋದು."

ಕೆಂಪು ಹತ್ತಿತು.

ಅವನು ಎದ್ದು ಬಾಗಿಲತ್ತ ನಡೆದ. ನಿಯಮ ನಿಯಮವೇ. ಬಾಗಿಲು ಮುಚ್ಚಿಕೊಳ್ಳುವ ಮುಂಚೆ ಗಾಡ್‌ಫ್ರಿ ಅಧಿಕಾರಿಯನ್ನು ಕೇಳುತ್ತಿದ್ದುದು ಕಿವಿಗೆ ಬಿತ್ತು: "ಹೊರಗೆ ಪೈಪು ಬರಲ್ಲ ಅಂದ್ರೆ ನಿಮ್ಮ ಸಲಹೆ ಏನಾಗುತ್ತೆ?" ಉತ್ತರ ಕೇಳಲಿಲ್ಲ.

ಓಣಿಯಲ್ಲಿ ತನ್ನ ಫೋಟೋದ ಕೆಳಗೆ, ಅವಳು ಕೂತಿದ್ದ ಜಾಗದಲ್ಲೇ ಕೂತ. ಒಳಗಿಂದ ಮಾತು ಗೊಣಗೊಣ ಕೇಳುತ್ತಿತ್ತು, ಪದಗಳು ತಿಳಿಯುತ್ತಿರಲಿಲ್ಲ. ಅರ್ಜಿ ಬೀಳಲಿ ಎಂದು ಒಮ್ಮೆ ಅನ್ನಿಸಿತು. ಬೀಳದಿರಲಿ ಎಂದು ಮರುಕ್ಷಣ ಅನ್ನಿಸಿತು. ಬೀಳದೆ ಇದ್ದು, ಅದು ತನ್ನಿಂದಲೇ ಎಂದು ಊರಿಗೆಲ್ಲ ತಿಳಿಯಲಿ ಎಂಬುದು ಕೊನೆಗೆ ಬಂದ ಆಸೆ, ಅದೇ ಗಟ್ಟಿಯಾದದ್ದು.

ಒಳಗೆ ಚಪ್ಪಾಳೆ ಕೇಳಿತು. ಬಾಗಿಲು ತೆರೆದು ಲೋರ್ನಾ ಹೊರಗೆ ಬಂದಳು.

"ಆರಕ್ಕೆ ನಾಲ್ಕು. ಗಾಡ್‌ಫ್ರಿ ಕೈ ಎತ್ತಿದ್ರು!"

"ಗಾಡ್‌ಫ್ರಿನಾ?"

"ಅಧಿಕಾರಿ 'ಗೂಡು ಇದ್ರೆ ನನ್ನ ಅಡ್ಡಿ ಇಲ್ಲ' ಅಂದ್ರು. ಸಲಹೇನೇ ಬದಲಾಯ್ತು ಅಂತ ಗಾಡ್‌ಫ್ರಿ ಎತ್ತಿದ್ರು."

ಆಗ ಅವಳು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು. ನಗು ಇಳಿದಿತ್ತು.

"ಆ ಗೂಡಿನ ವಿಷಯ ನಿಮಗೆ ಯಾವಾಗಿಂದ ಗೊತ್ತು, ಡೆಸ್?"

ಅವನು ಎದುರಿನ ಗೋಡೆ ನೋಡಿದ. "ಮೊದಲಿಂದ."

"ನಾನು ಜೂನ್‌ನಿಂದ ಆ ಪೈಪಿಗೋಸ್ಕರ ನಿದ್ದೆಗೆಟ್ಟಿದೀನಿ."

"ಹೂಂ."

ಬಯ್ಯುತ್ತಾಳೆಂದು ಕಾದ. ಅವಳು ಬಯ್ಯಲಿಲ್ಲ. ಎದ್ದು ಹೋಗಿ ಐಡಾಳ ಗಾಲಿಚೀಲ ಹಿಡಿದುಕೊಂಡು, ಅವಳನ್ನು ಕೈಹಿಡಿದು ಮೆಟ್ಟಿಲು ಇಳಿಸಿದಳು. ಹಸಿರು ಸೈಕಲ್ಲು ಕಂಬಕ್ಕೆ ಒರಗಿದ್ದಲ್ಲೇ ಇತ್ತು. ಇಬ್ಬರೂ ನಡೆದುಕೊಂಡೇ ಹೋದರು. ಅಂದಿನಿಂದ ಲೋರ್ನಾ ಅವನೊಂದಿಗೆ ಮರ್ಯಾದೆಯಿಂದ ಮಾತಾಡುತ್ತಿದ್ದಳು, ಒಂದು ಅಳತೆಯಲ್ಲಿ. ಆ ಅಳತೆ ಅವನಿಗೆ ಗೊತ್ತಾಗುತ್ತಿತ್ತು.

ಮೆಸೆಂಜರ್‌ನ ಶೀರ್ಷಿಕೆ: 'ಲೋರ್ನಾ ಗೆದ್ದರು, ಮುದುಕರಿಗೆ ಊಟ.' ಹೊಗೆಗೂಡು ಐದನೆಯ ಪ್ಯಾರಾದಲ್ಲಿತ್ತು. ಅಲ್ಲಿ ಡೆಸ್‌ನ ಹೆಸರೂ ಇತ್ತು, ಈ ಮೊದಲು ಯೋಜನೆಯನ್ನು 'ಮುಳುಗಿಸುವುದಾಗಿ' ಹೇಳಿದ್ದ ಸದಸ್ಯ ಎಂಬ ವಿವರಣೆಯೊಂದಿಗೆ. ಗಿಬ್ಬನ್ಸ್ ಬರೆದದ್ದರಲ್ಲಿ ಒಂದು ತಪ್ಪೂ ಇರಲಿಲ್ಲ. ಡೆಸ್ ಹುಡುಕಿದ್ದ.

ನವೆಂಬರ್‌ನ ಒಂದು ಬುಧವಾರ ಡ್ರಿಲ್ ಹಾಲು ತೆರೆಯಿತು. ಮೇಯರ್ ಅದೇ ಚಿನ್ನದ ಸರ ಹಾಕಿಕೊಂಡು ಬಂದು ರಿಬ್ಬನ್ ಕತ್ತರಿಸಿದ. ಹೊರಗೆ ಪೈಪಿಲ್ಲ, ಮಾಡಿನ ಮೇಲಿನ ಹಳೆಯ ಇಟ್ಟಿಗೆಯ ಬಾಯಿಂದ ತೆಳ್ಳನೆಯ ಹೊಗೆ ನೆಟ್ಟಗೆ ಮೇಲೇರುತ್ತಿತ್ತು. ಡೆಸ್ ಬೀದಿಯಲ್ಲಿ ನಿಂತು ಅದನ್ನೇ ನೋಡಿದ. ಒಳಗೆ ಹೋಗುವುದಿಲ್ಲ ಎಂದು ಬೆಳಿಗ್ಗೆಯೇ ತೀರ್ಮಾನಿಸಿದ್ದ. ಹುರಿದ ಮಾಂಸದ ವಾಸನೆ ಬಂತು. ಒಳಗೆ ಹೋದ.

ಮಾತು, ಚಮಚದ ಸದ್ದು, ಕುರ್ಚಿ ಎಳೆಯುವ ಸದ್ದಿನಿಂದ ಹಾಲು ತುಂಬಿತ್ತು. ಐಡಾ ತನ್ನ ಪಕ್ಕದ ಕುರ್ಚಿಯಿಂದ ಗಾಲಿಚೀಲ ಇಳಿಸಿದಳು.

"ಕೂತ್ಕೋ. ನಿಂಗೋಸ್ಕರ ಹಿಡ್ದಿಟ್ಟಿಲ್ಲ, ಖಾಲಿ ಇತ್ತು ಅಷ್ಟೆ."

ಲೋರ್ನಾ ಏಪ್ರನ್ ಕಟ್ಟಿಕೊಂಡು ಬಡಿಸುತ್ತಿದ್ದಳು. ಅವನ ತಟ್ಟೆಗೂ ಎಲ್ಲರಿಗೆ ಹಾಕಿದಷ್ಟೇ ಹಾಕಿದಳು, ಕಡಿಮೆಯಿಲ್ಲ, ಹೆಚ್ಚಿಲ್ಲ. "ಗೂಡು ಹೊಗೆ ಚೆನ್ನಾಗಿ ಎಳೀತಿದೆ," ಎಂದಳು, ಮುಂದಿನ ಮೇಜಿಗೆ ಹೋದಳು. ಮೇಜಿನಿಂದ ಮೇಜಿಗೆ 'ಇಲ್ಲಿ ಬಾ ಲೋರ್ನಾ', 'ನಮ್ಮ ಲೋರ್ನಾ' ಎಂಬ ಕೂಗು. ಯಾರೂ ಮಾಡಿನ ಮೇಲಿನ ಹೊಗೆಯ ಮಾತೆತ್ತಲಿಲ್ಲ.

ಡೆಸ್ ತಪ್ಪು ಹುಡುಕುತ್ತ ತಿಂದ. ಆಲೂಗಡ್ಡೆ ಹೊರಗೆ ಗರಿಗರಿ, ಒಳಗೆ ಬೆಣ್ಣೆಯಂತೆ ಮೆತ್ತಗೆ. ಮಾಂಸ ಹದವಾಗಿ ಬೆಂದಿತ್ತು. ಬಟಾಣಿಯಲ್ಲೂ ಹೇಳುವಂಥದ್ದೇನಿರಲಿಲ್ಲ. ಕೊನೆಗೆ ತಟ್ಟೆಯಂಚಿನ ಗ್ರೇವಿಯನ್ನು ಚಮಚದಲ್ಲಿ ಎತ್ತಿ ನಾಲಿಗೆಗೆ ಹಚ್ಚಿದ.

"ಹೇಗಿದೆ?" ಎಂದಳು ಐಡಾ.

"ಗ್ರೇವಿ ಸ್ವಲ್ಪ ತೆಳು," ಎಂದ ಡೆಸ್. ಬೇಸಿಗೆಯಿಂದ ಅವನು ಅಷ್ಟು ನೆಮ್ಮದಿಯಿಂದ ಆಡಿದ ಮಾತು ಬೇರೊಂದಿರಲಿಲ್ಲ.

ಲೋರ್ನಾ ಗ್ರೇವಿಯ ಜಗ್ಗು ಹಿಡಿದು ಮತ್ತೆ ಆ ಸಾಲಿಗೆ ಬಂದಾಗ, ಖಚಿತಪಡಿಸಿಕೊಳ್ಳಲೆಂದು, ಅವನು ತಟ್ಟೆ ಮುಂದೆ ಚಾಚಿದ.